ತಾಳೆ ಗರಿ ಪುಡಿ ಕೊಳ್ಳುತ್ತೇವೆ ಅಂತ ಏಜೆಂಟ್ ಬಂದಿದ್ದ. ಅದರಲ್ಲಿ ನಿಜವಾಗಿ ಏನಿದೆ?

ನಾಲೆಬಯಲು (ಚನ್ನಗಿರಿ ತಾಲ್ಲೂಕು) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಮ್ಮದು ಭದ್ರಾ ನಾಲೆ ಜಮೀನು. ಅಡಿಕೆ ಇದೆ, ಅದರ ಪಕ್ಕ 3 ಎಕರೆ ತಾಳೆ. ಪಾಮ್ ಆಯಿಲ್ ಬರುವ ತಾಳೆ, ತಾಟಿನುಂಗು ಬಿಡುವ ಮರ ಅಲ್ಲ. 170 ಮರ, 11 ವರ್ಷದವು.

ಗೊನೆ ಕೊಯ್ಯಬೇಕಾದರೆ ಅದರ ಕೆಳಗಿನ ಗರಿ ಕಡಿಯಲೇಬೇಕು. ಮರಕ್ಕೆ ತಿಂಗಳಿಗೆ ಎರಡು ಗರಿ ಅಂತ ಇಟ್ಟುಕೊಂಡರೂ ವರ್ಷಕ್ಕೆ 4 ಸಾವಿರ. ಸಾಲಿನ ಮಧ್ಯೆ ಒಟ್ಟಿದ್ದೇವೆ. ಅದರೊಳಗೆ ಹಾವು ಸೇರಿಕೊಳ್ಳುತ್ತವೆ ಅಂತ ಹೆಂಗಸರು ಆ ಕಡೆ ಹೋಗುವುದೇ ಇಲ್ಲ.

ಹೋದ ವಾರ ಒಬ್ಬ ಬಂದಿದ್ದ. ಗರಿಯ ಎಲೆಯಲ್ಲಿ ಶುಗರ್‌ಗೆ, ಬಿಪಿಗೆ ಔಷಧಿ ಇದೆ, ಮಲೇಷ್ಯಾದಲ್ಲಿ ಕಂಡುಹಿಡಿದಿದ್ದಾರೆ ಅಂತ ಮೊಬೈಲಲ್ಲಿ ಇಂಗ್ಲಿಷ್ ಲೇಖನ ತೋರಿಸಿದ. ಒಣಗಿಸಿ ಪುಡಿ ಮಾಡಿ ಕೊಟ್ಟರೆ ಕಿಲೋಗೆ 40 ರೂಪಾಯಿ ಅಂತೆ. ಆದರೆ ಒಣಗಿಸುವ ಮಿಷನ್ ಅವರ ಹತ್ತಿರವೇ ತಗೋಬೇಕು. 85 ಸಾವಿರ, ಅದರಲ್ಲಿ 25 ಸಾವಿರ ಮುಂಗಡ. ನನ್ನ ಮಗ ಬೇಡ ಅನ್ನುತ್ತಾನೆ. ನಮ್ಮ ಭಾಮೈದ ಆಗಲೇ 10 ಸಾವಿರ ಕೊಟ್ಟು ಬಂದಿದ್ದಾನೆ.

ಎಲೆಯಲ್ಲಿ ನಿಜವಾಗಿ ಏನಾದರೂ ಇದೆಯಾ? ಇದ್ದರೆ ನಾವೇ ಕುದಿಸಿ ಕುಡಿಯಬಹುದಾ? ಗೊತ್ತಿರುವವರು ಹೇಳಿ.


ಹಳೇಕೆಮಿಸ್ಟ್ (ಹಾಸನ) ಉತ್ತರ:

ಮುಂಗಡ ಕೊಡಬೇಡಿ. ಮೊದಲು ಅದು. ಉಳಿದದ್ದು ನಿಧಾನವಾಗಿ ಓದಿ.

ನಾನು ಮಲೇಷ್ಯಾದ ಜೊಹೋರ್ ರಾಜ್ಯದಲ್ಲಿ, ಕ್ಲುವಾಂಗ್ ಊರಿನಿಂದ ಆಚೆ, ಒಂದು ತಾಳೆ ಮಿಲ್ಲಿನ ಲ್ಯಾಬಲ್ಲಿ 12 ವರ್ಷ ಇದ್ದೆ. ಊರಿಗೆ ವಾಪಸ್ ಬಂದು ನಾಲ್ಕು ವರ್ಷ ಆಯಿತು. ಮೂಗಿನಿಂದ ಆ ಬೇಯಿಸಿದ ಹಣ್ಣಿನ ವಾಸನೆ ಇನ್ನೂ ಹೋಗಿಲ್ಲ.

ಏಜೆಂಟ್ ಹೇಳಿದ್ದು ಪೂರ್ತಿ ಸುಳ್ಳಲ್ಲ, ತೊಂದರೆ ಇರುವುದೇ ಅಲ್ಲಿ. ಗರಿಯ ಎಲೆಯಲ್ಲಿ ಓರಿಯೆಂಟಿನ್, ಐಸೋಓರಿಯೆಂಟಿನ್, ವೈಟೆಕ್ಸಿನ್, ಐಸೋವೈಟೆಕ್ಸಿನ್ ಎಂಬ, ಗಿಡಗಳಲ್ಲಿ ಸಹಜವಾಗಿಯೇ ಇರುವ, ಫ್ಲೇವನಾಯ್ಡ್‌ಗಳಿವೆ. ಟೀ ಸೊಪ್ಪಿನಲ್ಲಿರುವ ಜಾತಿಯ ಕ್ಯಾಟೆಚಿನ್‌ಗಳೂ ಇವೆ. ಮಲೇಷ್ಯಾದ ವಿಶ್ವವಿದ್ಯಾಲಯಗಳು ಇದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿವೆ. ಎಲೆಯ ಸಾರ ರಕ್ತನಾಳವನ್ನು ಸಡಿಲ ಮಾಡುತ್ತದೆ ಅಂತ ಇಲಿಗಳ ಮೇಲಿನ ಪ್ರಯೋಗದಲ್ಲಿ ಕಂಡಿದ್ದಾರೆ. ಬಿಪಿ ಮಾತು ಹುಟ್ಟಿದ್ದು ಅಲ್ಲಿಂದ.

ಈಗ ಇನ್ನೊಂದು ಕಡೆ ನೋಡಿ. ವೈಟೆಕ್ಸಿನ್ ನಿಮ್ಮ ಮನೆಯ ಹೆಸರುಕಾಳಿನ ಸಿಪ್ಪೆಯಲ್ಲೇ ಇದೆ. ಓರಿಯೆಂಟಿನ್ ಅಂಗಳದ ತುಳಸಿಯಲ್ಲಿದೆ. ಅದಕ್ಕೆ ಯಾರೂ ಬಂದು 85 ಸಾವಿರದ ಮಿಷನ್ ಮಾರಲ್ಲ, ಅಲ್ವಾ? ಲ್ಯಾಬಲ್ಲಿ ಇಲಿಗೆ ಕೊಟ್ಟಿದ್ದು ಪುಡಿ ಅಲ್ಲ. ಆಲ್ಕೋಹಾಲೋ ನೀರೋ ಹಾಕಿ ತೆಗೆದು, ಗಟ್ಟಿ ಮಾಡಿ, ಅಳತೆ ನೋಡಿ ಕೊಟ್ಟ ಸಾರ. ಪುಡಿ ಕೊಳ್ಳುವವನು ನಿಜವಾದ ವ್ಯಾಪಾರಿ ಆಗಿದ್ದರೆ "ನಿಮ್ಮ ಎಲೆಯಲ್ಲಿ ಎಷ್ಟಿದೆ" ಅಂತ ಮೊದಲು ಸ್ಯಾಂಪಲ್ ಕೇಳುತ್ತಾನೆ. ಮಿಷನ್ ಮಾತು ಆಮೇಲೆ.

ಕುದಿಸಿ ಕುಡಿಯುವುದು ಬೇಡ. ಮರಕ್ಕೆ ಏನೇನು ಸಿಂಪಡಿಸಿದ್ದೀರಿ ಅನ್ನುವುದು ನಿಮಗೇ ಗೊತ್ತು. ಶುಗರ್, ಬಿಪಿ ಮಾತ್ರೆ ತಗೊಳ್ಳುವವರಂತೂ ಹತ್ತಿರ ಹೋಗಬೇಡಿ.

ಆದರೆ ತಾಳೆ ತ್ಯಾಜ್ಯದಲ್ಲಿ ಹಣ ಬಾಳುವ ಪದಾರ್ಥ ಇಲ್ಲವೇ ಇಲ್ಲ ಅಂತ ತಿಳಿಯಬೇಡಿ. ಇದೆ. ಅದಿರುವ ಜಾಗ ನಿಮ್ಮ ತೋಟ ಅಲ್ಲ, ಮಿಲ್ಲು.

ಮಿಲ್ಲಿಗೆ 100 ಕಿಲೋ ಗೊನೆ ಹೋದರೆ ಸುಮಾರು 20 ಕಿಲೋ ಎಣ್ಣೆ ಬರುತ್ತದೆ. ಹಣ್ಣು ಉದುರಿಸಿದ ಖಾಲಿ ಗೊನೆ 22–23 ಕಿಲೋ. ಹಿಂಡಿದ ನಾರು 13, ಕರಟ 6, ಒಳಗಿನ ಬೀಜ 5. ಇಷ್ಟಲ್ಲದೆ 60–70 ಲೀಟರ್ ಕೊಳಕು ನೀರು. ಲೆಕ್ಕ 100 ದಾಟಿತಲ್ಲ ಅಂತ ಬೈಯಬೇಡಿ, ಬೇಯಿಸುವ ಹಬೆ ಮತ್ತು ಮಧ್ಯೆ ಸುರಿಯುವ ನೀರು ಅದರಲ್ಲಿ ಸೇರಿದೆ.

ನನ್ನ ಕೆಲಸ ಆ ನಾರಿನ ಮೇಲೆ. ಪ್ರೆಸ್ಸಿನಿಂದ ಬಿಸಿ ಬಿಸಿ ನಾರು ಬೀಳುತ್ತದೆ. ಪ್ರತಿ ಶಿಫ್ಟಿಗೂ ಒಂದು ಚೀಲ ಹಿಡಿದು ಲ್ಯಾಬಿಗೆ ತರಬೇಕು. 105 ಡಿಗ್ರಿಯಲ್ಲಿ ಒಣಗಿಸಿ, 10 ಗ್ರಾಂ ತೂಗಿ, ಕಾಗದದ ಕೊಳವೆಯಲ್ಲಿಟ್ಟು, ಹೆಕ್ಸೇನ್ (ಎಣ್ಣೆ ಕರಗಿಸುವ, ಪೆಟ್ರೋಲಿನಂಥ ದ್ರವ) ಹಾಕಿ ಗಂಟೆಗಟ್ಟಲೆ ಸುತ್ತಿಸಬೇಕು. ಹೆಕ್ಸೇನ್ ಹಾರಿಸಿದ ಮೇಲೆ ಫ್ಲಾಸ್ಕಿನ ತಳದಲ್ಲಿ ಒಂದಿಷ್ಟು ಎಣ್ಣೆ ಉಳಿಯುತ್ತದೆ. ಉಪ್ಪಿನಕಾಯಿ ಭರಣಿಯ ಮೇಲೆ ಎಣ್ಣೆ ನಿಂತಿರುತ್ತಲ್ಲ, ಆ ಬಣ್ಣ. ಅದನ್ನು ತೂಗಿ, ಪುಸ್ತಕದಲ್ಲಿ "ಲಾಸ್" ಅನ್ನುವ ಕಾಲಮ್ಮಿನಲ್ಲಿ ಬರೆದು, ಫ್ಲಾಸ್ಕನ್ನು ಟಿಶ್ಯೂ ಹಾಕಿ ಒರೆಸಿ ಎಸೆಯುತ್ತಿದ್ದೆ. 12 ವರ್ಷ ಇದನ್ನೇ ಮಾಡಿದೆ.

ಎಷ್ಟೋ ವರ್ಷದ ಮೇಲೆ ಗೊತ್ತಾಯಿತು, ಒರೆಸಿ ಎಸೆಯುತ್ತಿದ್ದದ್ದು ಏನು ಅಂತ. ಮಾಮೂಲಿ ಕಚ್ಚಾ ತಾಳೆ ಎಣ್ಣೆಯಲ್ಲಿ ಕ್ಯಾರೊಟಿನ್, ಅಂದರೆ ಕ್ಯಾರೆಟ್ಟಿನ ಬಣ್ಣ, ಹತ್ತು ಲಕ್ಷದಲ್ಲಿ 500ರಿಂದ 700 ಪಾಲು. ನಾರಿಗೆ ಅಂಟಿಕೊಂಡು ಉಳಿದ ಎಣ್ಣೆಯಲ್ಲಿ ಅದು 4,000ದಿಂದ 6,000 ಪಾಲು. ವಿಟಮಿನ್ ಇ 2,400ರಿಂದ 3,500 ಪಾಲು. ಜೊತೆಗೆ ಕೊಲೆಸ್ಟ್ರಾಲ್ ತಗ್ಗಿಸುವ ಗುಣದ ಸ್ಟೆರಾಲ್‌ಗಳು ಬೇರೆ. 1996ರಷ್ಟು ಹಿಂದೆಯೇ ಮಲೇಷ್ಯಾದವರು ಇದನ್ನು ಅಳೆದು ಪ್ರಕಟಿಸಿದ್ದರು. ನಮ್ಮ ಮಿಲ್ಲಲ್ಲಿ ಯಾರೂ ಓದಿರಲಿಲ್ಲ, ನಾನೂ ಸೇರಿ.

ಸುಮ್ನೆ ಲೆಕ್ಕ ಹಾಕೋಣ. ದಿನಕ್ಕೆ 600 ಟನ್ ಗೊನೆ ಅರೆಯುವ ಮಿಲ್ಲು. ನಾರು 78 ಟನ್. ನೀರಿನಂಶ ಕಳೆದರೆ 48 ಟನ್. ಅದರಲ್ಲಿ ನೂರಕ್ಕೆ 5 ಎಣ್ಣೆ ಅಂದರೆ 2.4 ಟನ್. ಅದರೊಳಗೆ ಕ್ಯಾರೊಟಿನ್ 10 ಕಿಲೋ ಹತ್ತಿರ. ಪ್ರತಿ ದಿನ. ಅದೆಲ್ಲ ಎಲ್ಲಿ ಹೋಗುತ್ತದೆ? ಬಾಯ್ಲರ್ ಒಲೆಗೆ. ನಾರು, ಕರಟ ಸುಟ್ಟೇ ಮಿಲ್ಲಿನ ಹಬೆ, ಕರೆಂಟು. ಆ ಎಣ್ಣೆ ತೆಗೆಯಬೇಕು ಅಂದರೆ ನಾರು ಒಣಗಿಸಬೇಕು, ಹೆಕ್ಸೇನ್ ಪ್ಲಾಂಟ್ ಹಾಕಬೇಕು, ಬೆಂಕಿಯ ಭಯಕ್ಕೆ ಬೇರೆ ಏರ್ಪಾಡು ಬೇಕು. ಮ್ಯಾನೇಜರಿಗೆ ಹೇಳಿದೆ. "ಇವತ್ತು ಬಾಯ್ಲರ್ ಪ್ರೆಶರ್ ಬಿದ್ದಿದೆ, ಅದು ನೋಡು" ಅಂದರು. ಅವರದ್ದೂ ತಪ್ಪಲ್ಲ ಬಿಡಿ.

ಇನ್ನು ಕೊಳಕು ನೀರು. ಮಿಲ್ಲಿಂದ ಹೊರಬರುವಾಗ 80 ಡಿಗ್ರಿ ಬಿಸಿ, ಹುಳಿ, ಗಂಜಿಯ ಹಾಗೆ ಕಂದು ಬಣ್ಣ. ಅದರ ಬಿಒಡಿ, ಅಂದರೆ ಕೊಳೆ ಕರಗಲು ನೀರಿನಿಂದ ಎಷ್ಟು ಆಮ್ಲಜನಕ ಎಳೆಯುತ್ತದೆ ಅನ್ನುವ ಅಳತೆ, ಲೀಟರಿಗೆ 25,000 ಮಿಲಿಗ್ರಾಂ ಸುಮಾರು. ಮಲೇಷ್ಯಾದಲ್ಲಿ ಹಳ್ಳಕ್ಕೆ ಬಿಡಲು ಕಾನೂನಿನ ಮಿತಿ 100. ಅದಕ್ಕೇ ಪ್ರತಿ ಮಿಲ್ಲಿನ ಹಿಂದೆ ಸಾಲು ಹೊಂಡಗಳು, ಈಗೀಗ ಗ್ಯಾಸ್ ಹಿಡಿಯುವ ಟ್ಯಾಂಕುಗಳು. ಈ ನೀರಲ್ಲೂ ಮಾಲಿದೆ. ಹಣ್ಣು ಹಿಂಡುವಾಗ ಎಣ್ಣೆಯಲ್ಲಿ ಕರಗುವುದು ಎಣ್ಣೆಗೆ ಹೋಗುತ್ತದೆ, ನೀರಲ್ಲಿ ಕರಗುವ ಫಿನಾಲಿಕ್ ಪದಾರ್ಥವೆಲ್ಲ ಈ ನೀರಿಗೆ ಬರುತ್ತದೆ. ಮಲೇಷ್ಯಾದ ಪಾಮ್ ಆಯಿಲ್ ಬೋರ್ಡಿನ ವಿಜ್ಞಾನಿ ರವಿಗದೇವಿ ಸಂಬಂಧಮೂರ್ತಿ ಅವರ ತಂಡ ಇದನ್ನು ಬೇರೆ ಮಾಡುವ ದಾರಿ ಹುಡುಕಿ 2011ರಲ್ಲಿ ಬರೆಯಿತು. ಮುಖ್ಯವಾದದ್ದು ಕೆಫಿಯೋಯ್ಲ್‌ಶಿಕಿಮಿಕ್ ಆಸಿಡ್. ಹೆಸರು ಕೇಳಿ ಹೆದರಬೇಡಿ, ಖರ್ಜೂರದಲ್ಲೂ ಅದೇ ಇದೆ. ತಾಳೆಯ ದಾಯಾದಿ ತಾನೆ ಖರ್ಜೂರ.

ನಾರೂ ಆಗಲಿ, ನೀರೂ ಆಗಲಿ, ಮಿಲ್ಲಲ್ಲಿ ಆಗಲೇ ಕುಯ್ದು, ಬೇಯಿಸಿ, ಅರೆದು, ಒಂದೇ ಕೊಳವೆಯಲ್ಲಿ ಬಂದು ಬೀಳುತ್ತದೆ. ಕೂಲಿ ಎಲ್ಲ ಎಣ್ಣೆಯ ಲೆಕ್ಕದಲ್ಲಿ ಮುಗಿದಿದೆ. ನಿಮ್ಮ ಗರಿಯದ್ದು ಹಾಗಲ್ಲ. ಒಂದೊಂದು ಎಲೆಯನ್ನೂ ಮುಳ್ಳಿನ ದಿಂಡಿನಿಂದ ಕೈಯಲ್ಲಿ ಬಿಡಿಸಬೇಕು.

ಹಾಗಾಗಿ ಗರಿ ನೆಲದಲ್ಲೇ ಇರಲಿ. ಇನ್ನೊಂದು ಕೆಲಸ ಮಾಡಿ. ಹಣ್ಣು ಇಳಿಸಿ ಬರುವ ನಿಮ್ಮ ಟ್ರ್ಯಾಕ್ಟರ್ ಖಾಲಿ ಬರಬಾರದು. ಮಿಲ್ಲಿನವರು ಕೊಟ್ಟರೆ ಖಾಲಿ ಗೊನೆ ತುಂಬಿಕೊಂಡು ಬನ್ನಿ. ಅಲ್ಲಿ ಅದನ್ನು ಟಂಡನ್ ಕೊಸೊಂಗ್ ಅನ್ನುತ್ತಾರೆ, ಅರ್ಥ ಅದೇ, ಖಾಲಿ ಗೊನೆ. ಒಂದು ಟನ್ನಿನಲ್ಲಿ ಸುಮಾರು 19 ಕಿಲೋ ಪೊಟ್ಯಾಷ್ ಗೊಬ್ಬರದಷ್ಟು ಸಾರ, 7 ಕಿಲೋ ಯೂರಿಯಾದಷ್ಟು ಸಾರಜನಕ. ತಾಳೆ ಪೊಟ್ಯಾಷ್ ತಿನ್ನುವ ಬೆಳೆ, ನಿಮಗೇ ಗೊತ್ತು. ಒಂದೇ ಪದರ ಹರಡಿ. ರಾಶಿ ಹಾಕಿದರೆ ಕುರುವಾಯಿ ದುಂಬಿ ಮೊಟ್ಟೆ ಇಡುತ್ತದೆ, ಆಮೇಲೆ ಪಕ್ಕದವರ ತೆಂಗಿನ ಸುಳಿಗೂ ನೀವೇ ಜವಾಬ್ದಾರಿ.


ಬಯೋಟೆಕ್‌ಹುಡುಗಿ (ಶಿವಮೊಗ್ಗ) ಉತ್ತರ:

ಸರ್, ಖಾಲಿ ಗೊನೆಯನ್ನು ಗೊಬ್ಬರ ಅಂತ ಮುಗಿಸಿಬಿಟ್ಟಿರಿ! ಅದರ ನಾರಿನಲ್ಲಿರುವ ಜೈಲಾನ್ ಒಡೆದರೆ ಜೈಲೋಸ್ ಸಕ್ಕರೆ, ಅದರಿಂದ ಜೈಲಿಟಾಲ್. ಸಕ್ಕರೆ ಇಲ್ಲದ ಚೂಯಿಂಗ್ ಗಮ್‌ನಲ್ಲಿ ಹಾಕುವುದು ಅದೇ. ನಾರನ್ನು ಗಟ್ಟಿಯಾಗಿ ಹಿಡಿದಿಡುವ ಲಿಗ್ನಿನ್‌ನಿಂದ ವ್ಯಾನಿಲಿನ್, ಅಂದರೆ ವೆನಿಲ್ಲಾ ಪರಿಮಳ, ತೆಗೆಯಬಹುದು. ಫೆರುಲಿಕ್ ಆಸಿಡ್ ಕೂಡ ಇದೆ, ನಮ್ಮ ರಾಗಿ ಹೊಟ್ಟಿನಲ್ಲಿ ಇರುವುದೇ. ನಾನು ಎಂಎಸ್ಸಿ ಪ್ರಾಜೆಕ್ಟಿಗೆ ಇದನ್ನೇ ತಗೋಬೇಕು ಅಂತಿದ್ದೇನೆ. ಮಾಡಬಹುದಾ?


ಹಳೇಕೆಮಿಸ್ಟ್ ಉತ್ತರ:

ಮಾಡಮ್ಮ, ಧಾರಾಳವಾಗಿ ಮಾಡು. ಪ್ಯಾರಾ-ಹೈಡ್ರಾಕ್ಸಿ ಬೆಂಜೋಯಿಕ್ ಆಸಿಡ್ಡನ್ನೂ ನೋಡು. ತಾಳೆಯ ಲಿಗ್ನಿನ್ನಿಗೆ ಅದು ಅಂಟಿಕೊಂಡೇ ಇರುತ್ತದೆ, ಕ್ಷಾರ ಹಾಕಿದರೆ ಬಿಟ್ಟುಕೊಡುತ್ತದೆ. ಕ್ರೀಮು, ಶಾಂಪೂ ಕೆಡದಂತೆ ಹಾಕುವ ಪ್ಯಾರಬೆನ್‌ಗಳ ಮೂಲ ವಸ್ತು ಅದೇ.

ಒಂದೇ ಎಚ್ಚರಿಕೆ. ಮಿಲ್ಲಿಂದ ತಂದ ಖಾಲಿ ಗೊನೆಯಲ್ಲಿ ನೂರಕ್ಕೆ 65 ನೀರು. ಎರಡು ದಿನ ಚೀಲದಲ್ಲಿ ಕಟ್ಟಿಟ್ಟರೆ ಬೂಷ್ಟು ಬಂದು ಬಿಸಿಯಾಗುತ್ತದೆ. ಬಸ್ಸಲ್ಲಿ ತರಬೇಡ, ಕಂಡಕ್ಟರ್ ಇಳಿಸುತ್ತಾನೆ.


ಕೊಟ್ಟಿಗೆಅಕ್ಕ (ಚಾಮರಾಜನಗರ) ಉತ್ತರ:

ಎಲೆಯ ವಿಷಯ ನನಗೆ ಗೊತ್ತಿಲ್ಲ. ಹಿಂಡಿಯ ವಿಷಯ ಹೇಳುತ್ತೇನೆ, ಅದೂ ತಾಳೆ ತ್ಯಾಜ್ಯವೇ ಅಲ್ವಾ.

ಬೀಜದ ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿ, ಕಡಲೆಕಾಯಿ ಹಿಂಡಿಗಿಂತ ತುಂಬಾ ಅಗ್ಗ ಅಂತ ಒಬ್ಬ ವ್ಯಾಪಾರಿ ಹತ್ತು ಮೂಟೆ ಇಳಿಸಿ ಹೋದ. ಕೈಗೆ ತಗೊಂಡರೆ ಮರಳು ಮರಳು. ಕರಟದ ಚೂರು. ಹಸು ಮೊದಲ ದಿನ ಮೂಸಿ ಬಿಟ್ಟವು. ಬೂಸಾ, ಬೆಲ್ಲದ ನೀರು ಕಲಸಿ ಸ್ವಲ್ಪ ಸ್ವಲ್ಪ ಕೊಟ್ಟೆ, ಹತ್ತು ದಿನಕ್ಕೆ ಒಗ್ಗಿದವು. ಹಾಲೇನೂ ಕಮ್ಮಿ ಆಗಲಿಲ್ಲ, ಡಿಗ್ರಿಯೂ ಚೆನ್ನಾಗಿಯೇ ಬಂತು.

ಕುರಿಗೂ ಹಾಕಿದೆ. ಅದೇ ತಪ್ಪು. ಎರಡು ತಿಂಗಳು ಚೆನ್ನಾಗಿದ್ದವು, ಮೈ ತುಂಬಿಕೊಂಡವು. ಆಮೇಲೆ ಒಂದು ಬೆಳಗ್ಗೆ ಒಂದು ಕುರಿ ಏಳಲಿಲ್ಲ. ಕಣ್ಣು ಅರಿಶಿನ, ಉಚ್ಚೆ ಕಪ್ಪು ಕೆಂಪು. ಎರಡು ದಿನಕ್ಕೆ ಇನ್ನೊಂದು. ಡಾಕ್ಟರ್ ಬಂದು ಏನು ತಿನ್ನಿಸುತ್ತಿದ್ದೀರಿ ಅಂತ ಕೇಳಿ, ಹಿಂಡಿ ನಿಲ್ಲಿಸಿ ಅಂದರು. ಈ ಹಿಂಡಿಯಲ್ಲಿ ತಾಮ್ರದ ಅಂಶ ಜಾಸ್ತಿಯಂತೆ. ಹಸು ತಡೆಯುತ್ತದೆ, ಕುರಿಯ ಲಿವರ್ ತಡೆಯುವುದಿಲ್ಲ. ಮಾರಿದವನು ಇದನ್ನು ಹೇಳಲಿಲ್ಲ. ಆಮೇಲೆ ಕೇಳಿದರೆ "ಕುರಿಗೆ ಅಂತ ನಾನು ಹೇಳಿದ್ದೆನಾ ಅಕ್ಕಾ" ಅಂತ ನನಗೇ ಕೇಳಿದ.

ಕುರಿ ಇರುವವರು ನೆನಪಿಟ್ಟುಕೊಳ್ಳಿ.


ಹಳೇಕೆಮಿಸ್ಟ್ ಉತ್ತರ:

ಅಕ್ಕ ಹೇಳಿದ್ದು ಸರಿ. ಕುರಿಗೆ ತಾಮ್ರದ ಸಮಸ್ಯೆ ಮಲೇಷ್ಯಾದಲ್ಲೂ ಎಲ್ಲರಿಗೂ ಗೊತ್ತು. ಅದೇ ಹಿಂಡಿಯಲ್ಲಿ ಮ್ಯಾನನ್ ಎಂಬ ನಾರಿನ ಸಕ್ಕರೆ ತುಂಬಾ ಇದೆ. ಕೋಳಿಗೆ ಅದು ಹಾಗೇ ಹಾಕಿದರೆ ಜೀರ್ಣ ಆಗಲ್ಲ. ಕಿಣ್ವ ಹಾಕಿ ಚಿಕ್ಕ ಚೂರು ಮಾಡಿದರೆ ಕರುಳಿನ ಒಳ್ಳೆ ಬ್ಯಾಕ್ಟೀರಿಯಾಕ್ಕೆ ಆಹಾರ. ಇದು ಕಾಗದದ ಮೇಲಿನ ಮಾತಲ್ಲ, ಈ ಜಾತಿಯ ಸಕ್ಕರೆ ಕೋಳಿ ಆಹಾರಕ್ಕೆ ಮಾರಾಟಕ್ಕೇ ಇದೆ, ಹೆಚ್ಚಿನದು ಯೀಸ್ಟಿನಿಂದ ತೆಗೆದದ್ದು ಅಷ್ಟೆ.

ನಾಲೆಬಯಲು ಅವರೇ, ನಿಮಗೆ ಹಸು ಇದ್ದರೆ ಗರಿಯನ್ನೂ ಕತ್ತರಿಸಿ ಹಾಕಬಹುದು. ಅಲ್ಲಿ ಗರಿಯನ್ನು ಸಣ್ಣಗೆ ಕೊಚ್ಚಿ ಸೈಲೇಜ್ (ಗಾಳಿಯಾಡದಂತೆ ಮುಚ್ಚಿ ಹುಳಿ ಬರಿಸಿದ ಮೇವು) ಮಾಡಿ ದನಕ್ಕೆ ಹಾಕುತ್ತಾರೆ, ಮೇವಿನ ಮೂರರಲ್ಲಿ ಒಂದು ಪಾಲು. ಕೈ ಮಚ್ಚಿನಲ್ಲಿ ಆಗಲ್ಲ, ಗಟ್ಟಿ ಕಟರ್ ಬೇಕು.


ನಾಲೆಬಯಲು ಮತ್ತೆ ಬರೆದದ್ದು:

ಎಲ್ಲರಿಗೂ ಥ್ಯಾಂಕ್ಸ್. ಮುಂಗಡ ಕೊಡಲಿಲ್ಲ. ಆದರೂ ಮನಸ್ಸು ಕೇಳಲಿಲ್ಲ, ಒಂದು ದಿನ ಮಾಡಿಯೇ ನೋಡಿದೆ. ಇಬ್ಬರು ಆಳು ಬೆಳಗ್ಗೆಯಿಂದ ಸಂಜೆಯವರೆಗೆ ಎಲೆ ಬಿಡಿಸಿದರು. 60 ಕಿಲೋ ಹಸಿ ಎಲೆ. ಕಣದಲ್ಲಿ ನಾಲ್ಕು ದಿನ ಒಣಗಿಸಿದರೆ 24 ಕಿಲೋ. 40 ರೂಪಾಯಿ ಅಂದರೆ 960. ಇಬ್ಬರ ಕೂಲಿ 1,000. ಅರೆಯುವುದು, ಚೀಲ, ಸಾಗಾಟ ಇನ್ನೂ ಲೆಕ್ಕಕ್ಕೇ ಬಂದಿಲ್ಲ. ಒಬ್ಬನ ಹೆಬ್ಬೆರಳಿಗೆ ದಿಂಡಿನ ಮುಳ್ಳು ಹೊಕ್ಕು ಇಂಜೆಕ್ಷನ್ ಆಯಿತು. ಅದನ್ನೂ ನಾನೇ ಕೊಟ್ಟೆ.

ಭಾಮೈದನ ಏಜೆಂಟ್ ಫೋನ್ ಎತ್ತುತ್ತಿಲ್ಲ. ಅವನ ಮನೆಯಲ್ಲಿ ಈ ವಿಷಯ ಎತ್ತುವ ಹಾಗಿಲ್ಲ.

ಮೊನ್ನೆ ಹಣ್ಣು ಹಾಕಲು ಮಿಲ್ಲಿಗೆ ಹೋಗಿದ್ದೆ. ನಿಮ್ಮ ಮಾತು ನೆನಪಾಗಿ ಪ್ರೆಸ್ಸಿನ ಹತ್ತಿರ ಇದ್ದ ಹುಡುಗನನ್ನು ಕೇಳಿ ಒಂದು ಬೊಗಸೆ ನಾರು ತಗೊಂಡೆ. ಇಡಲು ಏನೂ ಇರಲಿಲ್ಲ, ಹೆಗಲ ಮೇಲಿನ ಬಿಳಿ ಟವೆಲ್ಲಲ್ಲಿ ಕಟ್ಟಿದೆ. ಮನೆಗೆ ಬಂದು ಬಿಚ್ಚಿದರೆ ಟವೆಲ್ ಮಧ್ಯೆ ಅಂಗೈ ಅಗಲ ಕೇಸರಿ ಕಲೆ. ಹಿಂಡಿ ಎಸೆದ ನಾರಿನಲ್ಲೇ ಇಷ್ಟಾ ಅನ್ನಿಸಿತು. ನಮ್ಮ ಮನೆಯವರು ಸೋಪು, ಸೋಡಾ, ಬಿಸಿನೀರು ಎಲ್ಲ ಹಾಕಿದರು. ಜಿಡ್ಡು ಹೋಯಿತು, ಬಣ್ಣ ಹಾಗೇ ಇದೆ. ಮದುವೆಯಲ್ಲಿ ಕೊಟ್ಟ ಟವೆಲ್ ಅಂತ ದಿನಾ ಬೈಗುಳ. ಇದಕ್ಕೆ ಏನಾದರೂ ಇದೆಯಾ ಸರ್?


ಹಳೇಕೆಮಿಸ್ಟ್ ಉತ್ತರ:

ಇದೆ. ಒದ್ದೆ ಮಾಡಿ ಮಾಳಿಗೆ ಮೇಲೆ ಸುಡು ಬಿಸಿಲಿಗೆ ಹರವಿ, ಎರಡು ಮೂರು ದಿನ. ಕ್ಯಾರೊಟಿನ್‌ಗೆ ಬಿಸಿಲು ಆಗಲ್ಲ, ತಾನೇ ಬಿಳಿಚಿಕೊಳ್ಳುತ್ತದೆ. ನನ್ನ ಲ್ಯಾಬ್ ಕೋಟುಗಳೆಲ್ಲ ಬಿಳಿ ಆಗುತ್ತಿದ್ದದ್ದು ಹೀಗೆ. ಅದಕ್ಕೇ ನಾರಿನ ಎಣ್ಣೆಯನ್ನು ಕಂದು ಬಾಟಲಿಯಲ್ಲಿ, ಕತ್ತಲಲ್ಲಿ ಇಡುವುದು. ನೀವು ಕಣದಲ್ಲಿ ನಾಲ್ಕು ದಿನ ಒಣಗಿಸಿದ ಎಲೆಯನ್ನು ಮಾತ್ರ ಯಾರಿಗೂ ಸ್ಯಾಂಪಲ್ ಅಂತ ಕೊಡಬೇಡಿ, ತಿಪ್ಪೆಗೆ ಹಾಕಿ.